ಸಾರಿನ ಹಯಗ್ರೀವಣ್ಣ ಮತ್ತು ಮೂರನೇ ಕ್ರಮಾಂಕ

ನಮ್ಮ ಕ್ರಿಕೆಟ್ ತಂಡ ಟೆಸ್ಟ್ ಪಂದ್ಯಗಳಲ್ಲಿ ಯಾಕೆ ಸೋಲುತ್ತದೆ ಎಂದು ಕೇಳಿದರೆ ಉಡುಪಿಯಲ್ಲಿ ತಲೆಗೊಂದು ಕಾರಣ ಸಿಗುತ್ತದೆ. ಬನ್ನಂಜೆಯ ಹಯಗ್ರೀವಣ್ಣ ಕೊಡುವ ಕಾರಣ ಮಾತ್ರ ವರ್ಷಗಳಿಂದ ಬದಲಾಗಿಲ್ಲ. ಆಯ್ಕೆ ಸಮಿತಿಯಲ್ಲಿ ಕೂತವರು ಯಾರೂ ಜೀವನದಲ್ಲಿ ಒಮ್ಮೆಯೂ ಪಂಕ್ತಿಗೆ ಬಡಿಸಿದವರಲ್ಲ.

"ಬಡಿಸಿದವನಿಗೆ ಕ್ರಮ ಅಂದರೆ ಎಂತ ಅಂತ ಗೊತ್ತಿರ್ತದೆ ಮಾರಾಯ್ರೆ," ಎನ್ನುತ್ತಾರೆ ಅವರು. "ಎಲೆಗೆ ಮೊದಲು ಬೀಳುವುದು ಉಪ್ಪು, ಉಪ್ಪಿನಕಾಯಿ. ಅವರು ಓಪನರುಗಳು. ಒಂದು ಮೂಲೆ ಹಿಡಿದುಕೊಂಡು ಊಟ ಮುಗಿಯುವವರೆಗೆ ಇರಬೇಕು. ಅನ್ನ ಅಂದರೆ ಪಿಚ್ಚು. ತೊವ್ವೆ ರೋಲರು. ಅದರ ಮೇಲೆ ಬರುವುದು ಸಾರು. ಸಾರೇ ಮೂರನೇ ಕ್ರಮಾಂಕ. ಓಪನರ್ ನಿಂತರೂ ಸೈ, ಬಿದ್ದರೂ ಸೈ, ಊಟ ಎಳೆದುಕೊಂಡು ಹೋಗುವುದು ಸಾರು. ಇವರು ಎಂತ ಮಾಡ್ತಾರೆ? ಒಂದು ಪಂದ್ಯಕ್ಕೆ ಸಾರಿನ ಜಾಗಕ್ಕೆ ಚಿತ್ರಾನ್ನ ಕಳಿಸ್ತಾರೆ, ಇನ್ನೊಂದಕ್ಕೆ ಬೋಂಡ ಕಳಿಸ್ತಾರೆ. ಕೇಳಿದರೆ ಬೋಂಡ ಆಲ್‌ರೌಂಡರ್ ಅಂತೆ. ಮತ್ತೆ ಊಟ ಇಳಿಯುವುದು ಹೇಗೆ?"

ಹಯಗ್ರೀವಣ್ಣನನ್ನು ನೀವು ನೋಡಿರಬಹುದು. ಇನ್ನಂಜೆಯಿಂದ ಕಾರ್ಕಳದವರೆಗೆ ಯಾವುದಾದರೂ ಮದುವೆಯಲ್ಲೋ ಉಪನಯನದಲ್ಲೋ ಎಲೆಯ ಮುಂದೆ ಕೂತವರಾದರೆ, ಸಾರಿನ ಬಕೆಟ್ ಹಿಡಿದು ನಿಮ್ಮೆದುರು ಬಗ್ಗಿ ನಿಂತು, ನೀವು ಅನ್ನದಲ್ಲಿ ಗುಂಡಿ ಮಾಡುವವರೆಗೆ ಸೌಟು ಎತ್ತದೆ ಕಾದ ಆ ಉದ್ದನೆಯ ತೆಳ್ಳಗಿನ ಮನುಷ್ಯ ಅವರೇ. ನೀವು ಪಕ್ಕದವರೊಡನೆ ಮಾತಾಡುತ್ತಾ ಗುಂಡಿ ಮಾಡುವುದನ್ನು ಮರೆತರೆ ಅವರು ಅಲ್ಲಿಂದ ಕದಲುವುದಿಲ್ಲ, ಕೆಮ್ಮುವುದೂ ಇಲ್ಲ. ಸುಮ್ಮನೆ ನಿಮ್ಮ ಅನ್ನವನ್ನೇ ನೋಡುತ್ತಾರೆ. ಆ ನೋಟಕ್ಕೆ ಎಂಥ ದೊಡ್ಡ ವಕೀಲರೂ ಮಾತು ನಿಲ್ಲಿಸಿ ಗುಂಡಿ ತೋಡಿದ್ದನ್ನು ನಾನು ಕಂಡಿದ್ದೇನೆ.

ವಯಸ್ಸು ಅರುವತ್ತರ ಆಚೆ ಈಚೆ. ವನಜಾಕ್ಷಿಯವರ ಅಡುಗೆ ತಂಡದಲ್ಲಿ ಬಡಿಸುವವರ ಮುಖ್ಯಸ್ಥರು. ವನಜಾಕ್ಷಿ ತನ್ನ ತಂದೆಯಿಂದ ಈ ಅಡುಗೆ ವಹಿವಾಟನ್ನೂ ದೊಡ್ಡ ದೊಡ್ಡ ಪಾತ್ರೆಗಳನ್ನೂ ಪಡೆದವರು. ಅವರಿಗಿಂತ ಹಿರಿಯರೂ ಅವರನ್ನು ವನಜಕ್ಕ ಎಂದೇ ಕರೆಯುತ್ತಾರೆ, ಸಂಬಳ ಕೊಡುವವರು ಅವರಲ್ಲವೇ. ಆ ತಂದೆಯ ಕಾಲದಲ್ಲೇ ಮೀಸೆ ಮೂಡುವ ವಯಸ್ಸಿನ ಹಯಗ್ರೀವಣ್ಣ ನೀರು ಬಡಿಸಲು ಸೇರಿದ್ದು. ನೀರಿನಿಂದ ಉಪ್ಪಿಗೆ, ಉಪ್ಪಿನಿಂದ ಪಲ್ಯಕ್ಕೆ, ಪಲ್ಯದಿಂದ ಸಾರಿಗೆ ಏರಿದರು. ಸಾರಿಗೆ ಬಂದ ಮೇಲೆ ಇನ್ನು ಏರಲಿಕ್ಕೆ ಉಂಟು ಎಂದು ಅವರಿಗೆ ಅನಿಸಲಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆಯುವ ಟೆಸ್ಟ್ ಪಂದ್ಯಗಳನ್ನು ಅಡುಗೆಯವರಿಗೆಂದೇ ನಸುಕಿನ ಹೊತ್ತಿಗೆ ಇಟ್ಟಿದ್ದಾರೆ ಎಂಬುದು ಅವರ ನಂಬಿಕೆ; ಬೇರೆ ಯಾರು ಆ ನಸುಕಿನಲ್ಲಿ ತೆಂಗಿನಕಾಯಿ ತುರಿಯುತ್ತಾ ಎದ್ದಿರುತ್ತಾರೆ?

ನಾನು ಇವರ ನೆರೆಯವನು. ಪತ್ರಿಕೆಯೊಂದಕ್ಕೆ ಭಾನುವಾರ ನಗೆಬರಹ ಬರೆಯುತ್ತೇನೆ. ನನ್ನ ಹೆಂಡತಿ ಅದನ್ನು ಓದುವಾಗ ನಗುವುದಿಲ್ಲ. ಬರೆಯುವಾಗ ನನ್ನ ಮುಖ ನೋಡಿ ನಗುತ್ತಾಳೆ. ಕ್ರಿಕೆಟಿನಲ್ಲಿ ನನ್ನ ಸಾಧನೆ ಎಂದರೆ ಶಾಲಾ ತಂಡದಲ್ಲಿ ಹನ್ನೆರಡನೆಯವನಾಗಿದ್ದದ್ದು, ಅದೂ ಬ್ಯಾಟು ನನ್ನದಾಗಿದ್ದ ಕಾರಣ. ಆದರೂ ರಾಷ್ಟ್ರೀಯ ತಂಡದ ನಾಯಕರನ್ನು ನಾನು ಮನೆಯ ಜಗಲಿಯಲ್ಲಿ ಕೂತು ಹಲವು ಸಲ ಕೆಳಗಿಳಿಸಿದ್ದೇನೆ.

ಆ ಶನಿವಾರವೂ ಇಳಿಸುವ ಕೆಲಸವೇ ನಡೆದಿತ್ತು. ಮರುದಿನ ಕಾಪುವಿನಲ್ಲಿ ದೊಡ್ಡ ಮದುವೆ. ವನಜಕ್ಕನ ಮನೆಯ ಹಿಂದಿನ ಚಪ್ಪರದಲ್ಲಿ ತರಕಾರಿ ಹೆಚ್ಚುತ್ತಿದ್ದರು. ನನಗೆ ಚೂರಿ ಕೊಡುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಅಲಸಂಡೆ ಮುರಿಯಲು ಕೂರಿಸಿದ್ದರು. ಎದುರಿಗೆ ಸುಘೋಷ ಫೋನನ್ನು ಸೌತೆಕಾಯಿಗೆ ಒರಗಿಸಿಟ್ಟು ಸ್ಕೋರ್ ನೋಡುತ್ತಿದ್ದ. ಸುಘೋಷ ಹಯಗ್ರೀವಣ್ಣನ ತಂಗಿಯ ಮಗ. ವಾರವಿಡೀ ಮಣಿಪಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ, ರಜೆಯಲ್ಲಿ ಬಡಿಸಲು ಬರುತ್ತಾನೆ. ಚುರುಕಿನ ಯುವಕ. ಎರಡೂ ಕೈಯಲ್ಲಿ ಬಕೆಟ್ ಹಿಡಿದು ಓಡುತ್ತಾನೆ.

"ಮುಗೀತು," ಎಂದ ಸುಘೋಷ. "ಆಲೌಟ್. ಊರಿನಲ್ಲೇ ಸರಣಿ ಹೋಯಿತು."

ಪಿಚ್ಚಿನದ್ದೂ ತಪ್ಪುಂಟು ಎಂದು ನಾನು ಶುರು ಮಾಡಿದೆ.

"ನೀವು ಅಲಸಂಡೆ ನೋಡಿ, ಹುಳ ಉಂಟು," ಎಂದರು ಹಯಗ್ರೀವಣ್ಣ.

"ಹಳಬರನ್ನೆಲ್ಲ ಒಟ್ಟಿಗೆ ಮನೆಗೆ ಕಳಿಸಬೇಕು," ಎಂದ ಸುಘೋಷ. "ಕ್ಯಾಪ್ಟನನ್ನು ಮೊದಲು. ಇಡೀ ವರ್ಷದಲ್ಲಿ ಎಂತ ರನ್ ಉಂಟು ಅವನದ್ದು?"

"ಇಡೀ ವರ್ಷದಲ್ಲಿ ನೀನು ಎಷ್ಟು ಜನರ ಪಂಚೆಗೆ ಹುಳಿ ಚೆಲ್ಲಿದ್ದಿ? ನಾನು ಲೆಕ್ಕ ಇಟ್ಟಿದ್ದೇನಾ?"

"ಅದು ಬೇರೆ ಮಾವ."

"ಪಂಚೆಯವನಿಗೆ ಬೇರೆ ಅಲ್ಲ."

"ಫಾರ್ಮ್ ಅಂತ ಒಂದುಂಟು. ಹೆಸರು ನೋಡಿ ಆಡಿಸ್ಲಿಕ್ಕೆ ಆಗ್ತದಾ?"

"ಆಡಿಸಬೇಡ. ಅವನ ಜಾಗಕ್ಕೆ ಯಾರು, ಅದು ಹೇಳು."

"ಯಾರಾದರೂ ಆದೀತು. ಹೊಸಬ."

"ಯಾರಾದರೂ ಅಂದರೆ ಯಾರೂ ಇಲ್ಲ ಅಂತ ಅರ್ಥ. ನಾಳೆ ಮದುವೆಗೆ ಯಾರಾದರೂ ಅಡುಗೆ ಮಾಡ್ತಾರೆ ಅಂತ ವನಜಕ್ಕ ಹೇಳಿದರೆ ಅವರು ಒಪ್ತಾರಾ?"

ಸುಘೋಷ ಸ್ವಲ್ಪ ತಗ್ಗಿದ. "ಹಾಗಾದರೆ ಗೌರವದಿಂದ ಕಳಿಸುವ. ಒಂದು ವಿದಾಯ ಪಂದ್ಯ ಆಡಿಸುವ. ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟುವ. ಅದರಲ್ಲಿ ತಪ್ಪೆಂತ?"

ಹಯಗ್ರೀವಣ್ಣ ಚೂರಿ ಕೆಳಗಿಟ್ಟರು. "ನೀನು ಬೇಡ ಅಂತ ಮುಖಕ್ಕೆ ಹೇಳುವ ಧೈರ್ಯ ಇಲ್ಲದವರು ಚಪ್ಪಾಳೆ ತಟ್ಟುವುದು. ಬೇಡ ಅಂದರೆ ಬೇಡ ಅನ್ನಲಿ. ಇನ್ನೊಬ್ಬನ ಕೈಕೆಳಗೆ ಆಡು ಅಂದರೆ ಆಡ್ತಾನೆ. ಕೆಳಗಿನ ಕ್ರಮಾಂಕಕ್ಕೆ ಹೋಗು ಅಂದರೆ ಹೋಗ್ತಾನೆ. ಆದರೆ ಚಪ್ಪಾಳೆ ತಟ್ಟಿ ಕಳಿಸಿದರೆ ಅವನು ತಿರುಗಿ ಬರುವ ದಾರಿ ಯಾವುದು?"

ಒಲೆಯ ಹತ್ತಿರ ನಿಂತಿದ್ದ ವನಜಕ್ಕ ನನ್ನ ಕಡೆ ನೋಡಿದರು. ಆಮೇಲೆ ಬೆಲ್ಲ ತೂಗಲು ಸಹಾಯ ಬೇಕೆಂದು ಉಗ್ರಾಣಕ್ಕೆ ಕರೆದರು. ಬೆಲ್ಲ ಅಲ್ಲಿ ಆಗಲೇ ತೂಗಿ ಇಟ್ಟಿತ್ತು.

"ನಾಳೆಯ ಮದುವೆಯವರು ಮೇಲಿನ ಮಹಡಿಯಲ್ಲಿ ಬಫೆ ಕೇಳಿದ್ದಾರೆ," ಎಂದರು. "ಕೆಳಗೆ ಹಿರಿಯರಿಗೆ ಮಾತ್ರ ನೆಲದ ಪಂಕ್ತಿ. ಇನ್ನು ಎಲ್ಲಾ ಕಡೆ ಹೀಗೇ. ಮೇಲೆ ಕೆಳಗೆ ಓಡುವವರು ಬೇಕು. ಮುಖ್ಯಸ್ಥ ಸುಘೋಷನೇ ಆಗಲಿ ಅಂತ ಉಂಟು ನನಗೆ."

"ಹಯಗ್ರೀವಣ್ಣನಿಗೆ ಹೇಳಿದ್ರಾ?"

"ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ಅಪ್ಪನ ಕಾಲದವರು. ನನ್ನ ಮದುವೆಗೆ ಸಾರು ಬಡಿಸಿದವರು. ಹಾಗೆ ನಾಳೆ ಊಟ ಆದ ಮೇಲೆ ಒಂದು ಸನ್ಮಾನ ಮಾಡುವ ಅಂತ. ನೀವು ಸನ್ಮಾನ ಪತ್ರ ಬರೆದುಕೊಡಿ."

"ಸನ್ಮಾನ ಆದ ಮೇಲೆ ಅವರು ಎಂತ ಮಾಡುವುದು?"

"ಬಫೆಯ ಕೌಂಟರಿನಲ್ಲಿ ನಿಲ್ಲಲಿ. ಐಸ್‌ಕ್ರೀಮ್ ಕೊಡಲಿ. ಕುರ್ಚಿ ಇಡುವ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕರಾವಳಿಯಲ್ಲಿ ಯಾರನ್ನಾದರೂ ಒಂದು ಜಾಗದಿಂದ ಏಳಿಸಬೇಕಾದರೆ ಬೈಯುವ ಕ್ರಮ ಇಲ್ಲ. ನಾವು ಸನ್ಮಾನ ಮಾಡುತ್ತೇವೆ. ಸಂಘದ ಕಾರ್ಯದರ್ಶಿ ಕುರ್ಚಿ ಬಿಡದಿದ್ದರೆ, ಭಜನಾ ಮಂಡಳಿಯ ಹಾಡುಗಾರನ ಸ್ವರ ಬಿದ್ದರೆ, ನಾಟಕದ ರಾಜ ಮಾತು ಮರೆಯತೊಡಗಿದರೆ ಒಂದು ಶಾಲು, ತಲೆಗೊಂದು ಪೇಟ, ಹಣ್ಣಿನ ಬುಟ್ಟಿ, ಗಾಜು ಹಾಕಿದ ಪತ್ರ. ಪೇಟ ತೊಟ್ಟು ಫೋಟೋಕ್ಕೆ ನಗುವಷ್ಟರಲ್ಲಿ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಹಣ್ಣು ತಿಂದ ಮೇಲೆ ಜಗಳ ಮಾಡುವ ಹಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಪ್ಪಿಕೊಂಡೆ. ನನ್ನಿಂದ ಏನನ್ನಾದರೂ ಬರೆಸಬೇಕೆಂದು ತಾವಾಗಿ ಕೇಳುವವರು ಕಡಿಮೆ. ಹೋಳಿಗೆಯ ಪರಿಮಳ ಬೇರೆ ಬರುತ್ತಿತ್ತು. ಮನೆಗೆ ಹೋಗಿ ಅನ್ನಪೂರ್ಣೆಯ ವರಪುತ್ರರೇ, ಷಡ್ರಸಗಳ ಸಾರಥಿಯೇ ಎಂದೆಲ್ಲ ಬರೆದೆ. ಹೆಂಡತಿ ಓದಿ, ಇದು ತೀರಿಕೊಂಡವರಿಗೆ ಬರೆದ ಹಾಗೆ ಉಂಟಲ್ಲ ಎಂದಳು. ಪತ್ರಿಕೆಯವರಿಗಿಂತ ಅವಳು ಒಳ್ಳೆಯ ಸಂಪಾದಕಿ ಎಂದು ಗೊತ್ತಿದ್ದೂ ನಾನು ತಿದ್ದಲಿಲ್ಲ.

ಮರುದಿನ ಕಾಪುವಿನ ಸಭಾಭವನಕ್ಕೆ ತಿಂಡಿಯ ಹೊತ್ತಿಗೇ ತಲುಪಿದೆ. ತಿಂಡಿಯ ಹೊತ್ತಿಗೆ ತಲುಪುವುದು ನನ್ನ ಕ್ರಮ. ಅಡುಗೆಮನೆಯಲ್ಲಿ ಸುಘೋಷ ಯಾರಿಗೆ ಯಾವ ಬಕೆಟ್ ಎಂದು ಹೇಳುತ್ತಿದ್ದ. ವನಜಕ್ಕ ಗೋಡೆ ನೋಡುತ್ತಾ ನಿಂತಿದ್ದರು.

"ಮಾವ, ನೀವು ಇವತ್ತು ಮಜ್ಜಿಗೆ."

"ಮಜ್ಜಿಗೆಯಾ?"

"ಮಜ್ಜಿಗೆ."

"ಹನ್ನೊಂದನೇ ನಂಬರ್."

"ಹಾಗೆ ನೋಡಬೇಡಿ ಮಾವ. ಫಿನಿಶರ್."

"ಸಾರು ಯಾರು?"

"ಇಂತಿಂಥವರು ಅಂತ ಇಲ್ಲ. ಯಾರ ಕೈ ಖಾಲಿ ಉಂಟೋ ಅವರು. ನಿಮ್ಮ ಹಾಗೆ ಒಂದೊಂದು ಎಲೆಗೆ ನಿಂತರೆ ಸ್ಟ್ರೈಕ್ ರೇಟ್ ಎಲ್ಲಿಗೆ ಬರ್ತದೆ? ಮೇಲೆಯೂ ನೋಡ್ಬೇಕಲ್ವಾ?"

ಹಯಗ್ರೀವಣ್ಣ ವನಜಕ್ಕನ ಕಡೆ ನೋಡಿದರು. ವನಜಕ್ಕ ಗೋಡೆ ಬಿಟ್ಟು ಸೂರು ನೋಡಲಾರಂಭಿಸಿದರು. ಹಯಗ್ರೀವಣ್ಣನಿಗೆ ಅಲ್ಲೇ ಅರ್ಥವಾಗಿರಬೇಕು. ಮಜ್ಜಿಗೆಯ ಬಕೆಟ್ ಎಳೆದುಕೊಂಡು, ಶುಂಠಿ ಸಾಕಾ ನೋಡಲು ಸೌಟಿನಲ್ಲಿ ತಿರುವಿದರು. ಬೇಕಾದದ್ದಕ್ಕಿಂತ ಬಹಳ ಹೊತ್ತು ತಿರುವಿದರು.

ಕೆಳಗಿನ ಪಂಕ್ತಿಯಲ್ಲಿ ನಾನು ಅಡುಗೆಮನೆಯ ಬಾಗಿಲಿನ ಪಕ್ಕದ ಎಲೆ ಹಿಡಿದೆ. ಎರಡನೇ ಸಲ ಹೋಳಿಗೆ ಬೇಕಾಗುವವರು ಕೂರುವ ಜಾಗ ಅದು. ಎದುರು ಸಾಲಿನ ಮೊದಲ ಎಲೆಯಲ್ಲಿ ಕಾರ್ಕಳದ ಶ್ರೀಪತಿ ಆಚಾರ್ಯರು. ಮದುಮಗಳ ಅಜ್ಜನ ತಮ್ಮ, ನಿವೃತ್ತ ಹೆಡ್‌ಮಾಸ್ತರು, ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರು. ತಂಡ ಸೋತಾಗಲೆಲ್ಲ ಪತ್ರಿಕೆಯ ಸಂಪಾದಕರಿಗೆ ಬರೆಯುವವರು.

ಸಾರು ಬಂತು, ಅಥವಾ ಹೋಯಿತು ಎನ್ನಬೇಕು. ಒಬ್ಬ ಹುಡುಗ ಓಡುತ್ತಾ ಹಾಕಿದ ಸಾರು ನನ್ನ ಅನ್ನಕ್ಕೆ ತಾಗಿಯೂ ತಾಗದೆ ಉಪ್ಪಿನಕಾಯಿಯನ್ನು ತೇಲಿಸಿಕೊಂಡು ಎಲೆಯ ಗಡಿ ದಾಟಿ ನೆಲಕ್ಕೆ ಇಳಿಯಿತು. ಆಮೇಲೆ ಹುಳಿ ಬಂತು. ಹುಳಿಯ ಮೇಲೆ ಹೋಳಿಗೆ ಪಾಯಸ ಬರಬೇಕು. ಬರಲಿಲ್ಲ. ಎಲೆಗಳು ಖಾಲಿಯಾದವು. ಜನ ಬೆರಳು ನೆಕ್ಕಿ ಬಾಗಿಲು ನೋಡತೊಡಗಿದರು.

ಒಳಗೆ ನಡೆಯುವ ಮಾತು ನನಗೆ ಕೇಳುತ್ತಿತ್ತು.

"ಪಾಯಸ ಎಲ್ಲಿ?" ವನಜಕ್ಕನ ಸ್ವರ.

"ಮೇಲೆ ಹೋಯಿತು ಅಕ್ಕ. ಹೋಳಿಗೆಯೂ ಹೋಯಿತು. ಬಫೆಯವರು ಸಿಹಿಯಿಂದಲೇ ಶುರು ಮಾಡಿದ್ದಾರೆ."

"ಇನ್ನೊಂದು ಪಾತ್ರೆಯದ್ದು?"

"ಬೆಲ್ಲ ಹಾಕಿದ್ದು ಈಗಷ್ಟೇ. ಕುದಿಯಬೇಕು." ಸುಘೋಷ ಏದುಸಿರು ಬಿಡುತ್ತಿದ್ದ. "ಮಾವ, ನೀವು ಹೋಗಿ. ಅನ್ನ ಮಜ್ಜಿಗೆ ಒಂದು ಸುತ್ತು ಬರಲಿ. ಪಾಯಸ ಆಮೇಲೆ ಕೊಡುವ."

"ಪಾಯಸಕ್ಕೆ ಮೊದಲು ಮಜ್ಜಿಗೆಯಾ?"

"ಕ್ರಮಾಂಕ ಹಿಂದೆ ಮುಂದೆ ಆದರೆ ಎಂತ ಆಗ್ತದೆ ಮಾವ? ಹೋಗಿ."

"ಎಂತ ಆಗ್ತದೆ ಅಂತ ನೋಡುವ," ಎಂದರು ಹಯಗ್ರೀವಣ್ಣ. "ಕ್ಯಾಪ್ಟನ್ ಹೇಳಿದ ಮೇಲೆ ಆಯಿತು."

ಎಂತ ಆಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಣಿಪಾಲದ ಮೆಸ್ಸಿನಲ್ಲಿ ಏನೂ ಆಗುವುದಿಲ್ಲ. ಆದರೆ ನಮ್ಮ ಪಂಕ್ತಿಯಲ್ಲಿ ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು. ಹಿರಿಯರು ಅಂಗೈಯಲ್ಲಿ ನೀರು ತೆಗೆದುಕೊಂಡು ಕೊನೆಯ ಗುಟುಕು ಕುಡಿಯುತ್ತಾರೆ. ಅದಕ್ಕೆ ಉತ್ತರಾಪೋಶನ ಎನ್ನುತ್ತಾರೆ. ಅದನ್ನು ಕುಡಿದ ಮೇಲೆ ಎಲೆಯನ್ನು ಮುಟ್ಟುವಂತಿಲ್ಲ. ಅವರು ಎದ್ದರೆ ಪಂಕ್ತಿಯೇ ಏಳಬೇಕು. ಒಬ್ಬರು ಕೂತು ಒಬ್ಬರು ಏಳುವ ಹಾಗಿಲ್ಲ.

ಹಯಗ್ರೀವಣ್ಣ ಬಕೆಟ್ ಹಿಡಿದು ಹೊರಗೆ ಬಂದರು. ಬಡಿಸುವುದಕ್ಕೂ ಮೊದಲೇ, ಮಜ್ಜಿಗೆ ಕಂಡದ್ದೇ ಶ್ರೀಪತಿ ಆಚಾರ್ಯರ ಹುಬ್ಬು ಮೇಲೇರಿತು. "ಇಷ್ಟೇಯಾ," ಎಂದು ಪಕ್ಕದವರಿಗೆ ಹೇಳಿ, ಲೋಟ ಎತ್ತಿ ಅಂಗೈಗೆ ನೀರು ಬಗ್ಗಿಸಿಕೊಂಡರು.

ನಾನು ಹಯಗ್ರೀವಣ್ಣನ ಮುಖ ನೋಡಿದೆ. ಮೊದಲು ಅಲ್ಲಿ ಕಂಡದ್ದು ಗೆದ್ದವನ ಮುಖ. ನೋಡಿದೆಯಾ ಮಗನೇ ಎನ್ನುವ ಹಾಗೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಸುಘೋಷ ಇರಲಿಲ್ಲ. ಮದುಮಗಳ ತಂದೆ ನಿಂತಿದ್ದರು, ಎರಡೂ ಕೈ ಮುಗಿದುಕೊಂಡು. ಮಗಳ ಮದುವೆಯಲ್ಲಿ ಹಿರಿಯರ ಪಂಕ್ತಿ ಸಿಹಿ ಕಾಣದೆ ಎದ್ದಿತು ಎಂಬ ಮಾತು ಕಾಪುವಿನಿಂದ ಕಾರ್ಕಳಕ್ಕೆ ಹೋಗಿ ಅಲ್ಲಿ ತಲೆಮಾರುಗಟ್ಟಲೆ ನಿಲ್ಲುತ್ತದೆ. ಹಯಗ್ರೀವಣ್ಣನ ಮುಖದ ಗೆಲುವು ಇಳಿಯಿತು.

"ಆಚಾರ್ಯರೇ," ಎಂದರು, ಇಡೀ ಭವನಕ್ಕೆ ಕೇಳುವಂತೆ. "ಆ ಕ್ಯಾಪ್ಟನನ್ನು ತೆಗೆಯಬಾರದು."

ಅಂಗೈ ಬಾಯಿಯ ಹತ್ತಿರ ನಿಂತಿತು. "ಯಾವ ಕ್ಯಾಪ್ಟನ್?"

"ನಿನ್ನೆ ಸೋತವನು."

"ತೆಗೆಯಬಾರದಾ?"

"ತೆಗೆಯಬಾರದು. ಇನ್ನೂ ಎರಡು ವರ್ಷ ಇಡಬೇಕು."

ಆಚಾರ್ಯರು ಅಂಗೈ ಓರೆ ಮಾಡಿದರು. ನೀರು ನೆಲಕ್ಕೆ ಹೋಯಿತು. "ಹಯಗ್ರೀವ, ನಿನಗೆ ತಲೆ ಸರಿ ಉಂಟಾ?"

"ತಲೆ ಸರಿ ಇದ್ದ ಕಾರಣವೇ ಹೇಳುವುದು."

"ಊರಿನ ಪಿಚ್ಚಿನಲ್ಲಿ ಸೋತವನು ಅವನು. ಸ್ಪಿನ್ನರಿಗೆ ಚೆಂಡು ಕೊಡಬೇಕಾದಲ್ಲಿ ವೇಗದವನಿಗೆ ಕೊಟ್ಟ."

"ಕೊಟ್ಟದ್ದಲ್ಲ, ಮೇಲಿನಿಂದ ಕೊಡಿಸಿದ್ದು," ಎಂದು ಪಕ್ಕದ ಎಲೆಯಿಂದ ಒಬ್ಬರು. "ಎಲ್ಲಾ ಕೋಚಿನದ್ದು."

"ಕೋಚ್ ಎಂತ ಮಾಡ್ತಾನೆ, ಹನ್ನೊಂದು ಜನರಲ್ಲಿ ಅರ್ಧ ಜನ ಆಲ್‌ರೌಂಡರ್ ಆದರೆ?"

"ಆಯ್ಕೆ ಸಮಿತಿ ಅಂತ ಒಂದುಂಟಲ್ಲ, ಅವರು ಪಂದ್ಯ ನೋಡ್ತಾರಾ ಅಥವಾ ಕ್ಯಾಂಟೀನಿನಲ್ಲಿ ಇರ್ತಾರಾ?"

ಅಷ್ಟು ಸಾಕಾಯಿತು. ಒಂದು ಸೋಲಿನ ಸಿಟ್ಟು ಆರುವ ಮೊದಲೇ ಅದರ ಮುಚ್ಚಳ ತೆಗೆದಿದ್ದರು ಹಯಗ್ರೀವಣ್ಣ. ಎಡಗೈಯಿಂದ ಫೋನುಗಳು ಹೊರಬಂದವು. ಬಲಗೈಯ ಎಂಜಲು ಒಣಗತೊಡಗಿತು. ಚರ್ಚೆ ಎಂದಿನಂತೆ ತುಳುವಿನಲ್ಲಿ ಶುರುವಾಗಿ, ಅಂಕಿ ಅಂಶ ಬಂದಾಗ ಕನ್ನಡಕ್ಕೆ ಹಾರಿ, ಸೋಲುವ ಹಂತದಲ್ಲಿರುವವರ ಬಾಯಲ್ಲಿ ಇಂಗ್ಲಿಷ್ ಆಯಿತು. ಹಯಗ್ರೀವಣ್ಣ ಮಜ್ಜಿಗೆಯ ಬಕೆಟ್ ಕೆಳಗಿಡಲಿಲ್ಲ, ಒಂದು ಹನಿ ಬಡಿಸಲೂ ಇಲ್ಲ. ಸಾಲುಗಳ ನಡುವೆ ನಿಂತು ಬಂದ ಚೆಂಡನ್ನೆಲ್ಲ ಕಾಲಬುಡದಲ್ಲಿ ತಡೆಯುತ್ತಿದ್ದರು.

"ಸರಿ, ತೆಗೆಯುವ," ಎಂದರು, ಗದ್ದಲ ತುಸು ಕಡಿಮೆಯಾದಾಗ. "ಅವನ ಜಾಗಕ್ಕೆ ಒಂದು ಹೆಸರು ಹೇಳಿ. ಈ ಪಂಕ್ತಿ ಪೂರ್ತಿ ಒಂದೇ ಹೆಸರಿಗೆ ಒಪ್ಪಿದರೆ ನಾನು ನಾಳೆಯಿಂದ ಕ್ರಿಕೆಟಿನ ಸುದ್ದಿ ಎತ್ತುವುದಿಲ್ಲ."

ಎಲೆಗೊಂದು ಹೆಸರು ಬಂತು. ಕೆಲವು ಎಲೆಗಳಿಂದ ಎರಡು ಬಂದವು. ಮುಂಬಯಿಯವನು ಬೇಡ ಎಂದವರು ದಿಲ್ಲಿಯವನನ್ನು ಹೇಳಿದರು, ದಿಲ್ಲಿಯವನು ಬೇಡ ಎಂದವರು ನಮ್ಮ ರಾಜ್ಯದವರು ಯಾರಿಗೂ ಕಣ್ಣಿಗೆ ಬೀಳುವುದಿಲ್ಲ ಯಾಕೆ ಎಂದು ಎದೆ ತಟ್ಟಿಕೊಂಡರು.

ಒಳಗಿನಿಂದ ಪಾಯಸದ ಸುಳಿವಿಲ್ಲ. ಆಚಾರ್ಯರ ಧ್ವನಿ ಬಳಲಿತು. ಅವರ ಕೈ ಮತ್ತೆ ಲೋಟದ ಕಡೆ ಹೋಗುವುದನ್ನು ನಾನೂ ಕಂಡೆ, ಹಯಗ್ರೀವಣ್ಣನೂ ಕಂಡರು. ಅವರು ಒಂದು ಸುತ್ತು ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು.

"ಆಚಾರ್ಯರೇ, ಇವರನ್ನು ಕೇಳಿ. ಟೆಸ್ಟ್ ಪಂದ್ಯ ಐದು ದಿನ ಬೇಡ, ಎರಡು ದಿನ ಸಾಕು ಅಂತ ಪೇಪರಿನಲ್ಲಿ ಬರೆದವರು ಇವರೇ."

ಬರೆದಿದ್ದೆ. ತಮಾಷೆಗೆ ಬರೆದಿದ್ದೆ. ಹೆಂಗಸರಿಗೂ ಗಂಡಸರಿಗೂ ನೆಮ್ಮದಿ, ಹೇಗೂ ನಮ್ಮವರು ಮೂರನೇ ದಿನಕ್ಕೆ ಉಳಿಯುವುದಿಲ್ಲ ಎಂದು ಬರೆದಿದ್ದೆ. ನಗೆಬರಹಗಾರನಿಗೆ ತನ್ನ ತಮಾಷೆ ತಮಾಷೆ ಎಂದು ವಿವರಿಸಬೇಕಾಗುವಷ್ಟು ಅವಮಾನ ಇನ್ನೊಂದಿಲ್ಲ. ಅದನ್ನು ಆ ದಿನ ಎಂಜಲು ಕೈಯಲ್ಲಿ ಕೂತು ಎರಡೂ ಸಾಲುಗಳಿಗೆ ವಿವರಿಸಿದೆ. ಯಾರೂ ಒಪ್ಪಲಿಲ್ಲ. ಆಚಾರ್ಯರು ಲೋಟ ಬಿಟ್ಟು, ನನ್ನ ಲೇಖನದ ವ್ಯಾಕರಣದಿಂದ ಶುರು ಮಾಡಿ ನನ್ನ ತಲೆಮಾರಿನ ತಾಳ್ಮೆಗೇಡಿತನದವರೆಗೆ ಪಾಠ ಮಾಡಿದರು. ಹೆಡ್‌ಮಾಸ್ತರಾಗಿದ್ದವರು ಪಾಠವನ್ನು ಅರ್ಧದಲ್ಲಿ ಬಿಟ್ಟು ಏಳುವುದಿಲ್ಲ. ನನ್ನನ್ನು ಬಲಿ ಕೊಟ್ಟ ಹಯಗ್ರೀವಣ್ಣನ ಲೆಕ್ಕ ಅಲ್ಲಿ ಸರಿಯಾಗಿಯೇ ಇತ್ತು.

ಪಾಠ ಮುಗಿಯುವ ಮೊದಲು ಬಾಗಿಲಿನಿಂದ ಬಿಸಿ ಪಾಯಸದ ಹಬೆ ಬಂತು. ಸುಘೋಷ ಬೆವರಿ ತೊಯ್ದಿದ್ದ. ಅವನ ಹಿಂದೆ ಹೋಳಿಗೆಯ ತಟ್ಟೆ. ಹಯಗ್ರೀವಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಓಡಬೇಡ," ಎಂದರು ತಗ್ಗಿದ ಸ್ವರದಲ್ಲಿ. "ಯಾರೂ ಏಳುವುದಿಲ್ಲ ಈಗ."

ಆಚಾರ್ಯರು ಪಾಯಸ ಸುರಿದು ಸುರಿದು ಉಂಡರು. ಎಲೆಯಿಂದ ತಲೆ ಎತ್ತಿ, "ಅವನನ್ನು ತೆಗೆಯಬೇಕು ಅಂತಲೇ ನನ್ನ ಅಭಿಪ್ರಾಯ," ಎಂದರು.

"ಇರಲಿ. ಮಜ್ಜಿಗೆ ಹಾಕಲಾ?" ಎಂದರು ಹಯಗ್ರೀವಣ್ಣ.

ಇಷ್ಟೆಲ್ಲ ಆದ ಮೇಲೆ ಸನ್ಮಾನವನ್ನು ವನಜಕ್ಕ ಬಿಡುತ್ತಾರೆಂದು ನಾನು ಎಣಿಸಿದ್ದೆ. ಆದರೆ ಹಣ್ಣು ತಂದಾಗಿತ್ತು. ಊಟ ಮುಗಿದು ಪಂಕ್ತಿಯವರು ಕೈತೊಳೆದು ಬರುವಷ್ಟರಲ್ಲಿ ವೇದಿಕೆಯಲ್ಲಿ ಒಂದು ಕುರ್ಚಿ, ಮೈಕು, ತಟ್ಟೆಯಲ್ಲಿ ಶಾಲು. ನಾನು ಗಾಜಿನ ಪತ್ರ ಹಿಡಿದು ಮೂಲೆಯಲ್ಲಿ ನಿಂತೆ. ಮೇಲಿನ ಮಹಡಿಯಿಂದ ಐಸ್‌ಕ್ರೀಮ್ ತಿನ್ನುವವರು ಬಗ್ಗಿ ನೋಡುತ್ತಿದ್ದರು.

ಹಯಗ್ರೀವಣ್ಣ ವೇದಿಕೆ ಹತ್ತಿದರು. ಕುರ್ಚಿಯಲ್ಲಿ ಕೂರಲಿಲ್ಲ.

"ಇದು ಎಂತಕ್ಕೆ ವನಜಕ್ಕ?"

"ಒಂದು ಸಣ್ಣ ಗೌರವ, ಹಯಗ್ರೀವಣ್ಣ."

"ಯಾರು ನಿವೃತ್ತಿ ಆದದ್ದು?"

ಮೈಕು ಆನ್ ಇತ್ತು. ಮಹಡಿಯಲ್ಲಿ ಚಮಚಗಳು ನಿಂತವು.

"ನಾನು ನಿವೃತ್ತಿ ಕೇಳಲಿಲ್ಲ," ಎಂದರು ಅವರು. ಸ್ವರ ಏರಲಿಲ್ಲ. "ನನಗೆ ಶಾಲು ಬೇಡ. ಮನೆಯಲ್ಲಿ ಹೊದಿಯಲಿಕ್ಕೆ ಉಂಟು. ನಾನು ನಿಧಾನ ಅಂತ ಆದರೆ ನಿಧಾನ ಅಂತ ಹೇಳಿ. ಹೌದು, ನಾನು ನಿಧಾನವೇ. ಬೇಡ ಅಂತ ಆದರೆ ಬೇಡ ಅಂತ ಹೇಳಿ, ಸೌಟು ಇಟ್ಟು ಮನೆಗೆ ಹೋಗ್ತೇನೆ, ದಾರಿಯಲ್ಲಿ ನಿಮ್ಮನ್ನು ಬೈಯುತ್ತಾ ಹೋಗ್ತೇನೆ. ಆದರೆ ಹಾರ ಹಾಕಿ ಹೊರಗೆ ಹಾಕಬೇಡಿ. ಹಾರ ಬಿದ್ದ ಮೇಲೆ ಬೈಯಲಿಕ್ಕೆ ಆಗುವುದಿಲ್ಲ. ಅದಕ್ಕೇ ಅಲ್ವಾ ನೀವು ಹಾಕುವುದು?"

ಅವರು ವೇದಿಕೆ ಇಳಿದು ಅಡುಗೆಮನೆಗೆ ನಡೆದರು. ಕೆಳಗಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೊರಟು, ಅದೂ ತಪ್ಪಾದೀತೆಂದು ಕೈ ಕಟ್ಟಿಕೊಂಡರು.

ವನಜಕ್ಕ ಮೈಕು ಆರಿಸಿ ಅವರ ಹಿಂದೆ ಹೋದರು. ಪತ್ರ ಎಲ್ಲಿಡುವುದೆಂದು ತಿಳಿಯದೆ ನಾನೂ ಹೋದೆ. ಹಯಗ್ರೀವಣ್ಣ ಬಕೆಟ್ ತೊಳೆಯುತ್ತಿದ್ದರು.

"ಹೇಳ್ತೇನೆ," ಎಂದರು ವನಜಕ್ಕ. ಅವರ ಕೈ ಸೆರಗನ್ನು ತಿರುವುತ್ತಿತ್ತು. "ಮುಖ್ಯಸ್ಥರು ಇನ್ನು ನೀವಲ್ಲ. ಸುಘೋಷ. ಇವತ್ತು ಅವನು ತಪ್ಪಿದ, ನೀವು ಮರ್ಯಾದೆ ಉಳಿಸಿದ್ರಿ, ಅದು ಕಣ್ಣಾರೆ ಕಂಡಿದ್ದೇನೆ. ಆದರೂ ಅವನೇ. ಮೇಲೆ ಕೆಳಗೆ ಓಡ್ಲಿಕ್ಕೆ ನಿಮ್ಮಿಂದ ಆಗುವುದಿಲ್ಲ."

ಹಯಗ್ರೀವಣ್ಣ ಬಕೆಟ್ ಬೋರಲು ಹಾಕಿದರು. ನೀರು ಪೂರ್ತಿ ಬಸಿಯುವುದನ್ನು ನೋಡಿದರು.

"ಆಗುವುದಿಲ್ಲ," ಎಂದರು. "ಸಾರು?"

"ಸಾರು ನಿಮ್ಮದೇ."

"ಕೌಂಟರು, ಐಸ್‌ಕ್ರೀಮ್?"

ವನಜಕ್ಕ ನನ್ನ ಕಡೆ ಕಣ್ಣು ಬಿಟ್ಟರು. ನಾನು ಹೇಳಿಲ್ಲವೆಂದು ತಲೆ ಅಲ್ಲಾಡಿಸಿದೆ.

"ಇಲ್ಲ," ಎಂದರು ವನಜಕ್ಕ.

"ಇಷ್ಟು ಹೇಳ್ಲಿಕ್ಕೆ ಇವರ ಹತ್ತಿರ ಕಾಗದ ಬರೆಸಬೇಕಿತ್ತಾ?"

ಸುಘೋಷ ಬಾಗಿಲಲ್ಲಿ ನಿಂತಿದ್ದ. "ಮಾವ, ಪಾಯಸ ಮೇಲೆ ಕಳಿಸಿದ್ದು ನಾನೇ. ನನಗೆ..."

"ಗೊತ್ತುಂಟು. ಹೊಸ ಕ್ಯಾಪ್ಟನ್ ನೀನು. ಒಂದೆರಡು ಸರಣಿ ಸೋಲಲಿಕ್ಕೆ ಬಿಡುವ."

ಮುಂದಿನ ಊಟ ಕಾರ್ಕಳದಲ್ಲಿತ್ತು. ಹಯಗ್ರೀವಣ್ಣ ಸಾರಿನ ಬಕೆಟ್ ಹಿಡಿದು ಸುಘೋಷನ ಮಾತಿನಂತೆ ಮೊದಲ ಸಾಲಿನಿಂದ ಹೊರಟರು, ತಮ್ಮ ವೇಗದಲ್ಲೇ. ಸಂಜೆ ಪಾತ್ರೆಗಳನ್ನು ಹೇರಿಕೊಂಡು ಟೆಂಪೋ ಉಡುಪಿಗೆ ತಿರುಗಿತು. ಹಿಂದುಗಡೆ ನಾವು ಮೂವರು, ಪಾತ್ರೆಗಳ ನಡುವೆ. ಮುಂದಿನ ಸರಣಿಯ ತಂಡ ಆಗಷ್ಟೇ ಪ್ರಕಟವಾಗಿತ್ತು. ಕ್ಯಾಪ್ಟನ್ ಬದಲಾಗಿರಲಿಲ್ಲ.

"ಒಳ್ಳೆಯದಾಯಿತು," ಎಂದ ಸುಘೋಷ. "ಎರಡು ಸೋಲಿಗೆಲ್ಲ ಕ್ಯಾಪ್ಟನನ್ನು ತೆಗೆದರೆ ಯಾರು ಜವಾಬ್ದಾರಿ ತಗೊಳ್ತಾರೆ? ಸಮಯ ಕೊಡಬೇಕು."

"ಎಂತ ಸಮಯ?" ಎಂದರು ಹಯಗ್ರೀವಣ್ಣ. "ತೆಗೆಯಬೇಕು ಅವನನ್ನು. ಇವತ್ತೇ ತೆಗೆಯಬೇಕಿತ್ತು. ಫೀಲ್ಡ್ ಇಡ್ಲಿಕ್ಕೆ ಗೊತ್ತಿಲ್ಲ, ಹಿರಿಯರ ಮಾತು ಕೇಳುವ ಕ್ರಮ ಇಲ್ಲ."

"ಮಾವ, ಮೊನ್ನೆ ಕಾಪುವಿನಲ್ಲಿ ಇಡೀ ಪಂಕ್ತಿಯ ಎದುರು ನೀವೇ ಅಲ್ವಾ ಅವನನ್ನು ತೆಗೆಯಬಾರದು ಅಂದದ್ದು?"

"ಮೊನ್ನೆ ನಾನು ಮುಖ್ಯಸ್ಥ," ಎಂದರು ಅವರು, ಜಾರುತ್ತಿದ್ದ ಸಾರಿನ ಪಾತ್ರೆಗೆ ಕಾಲು ಒತ್ತಿಕೊಂಡು. "ಈಗ ಟೀಮಿನಲ್ಲಿ ಇರುವವನು. ಕ್ಯಾಪ್ಟನನ್ನು ಬೈಯುವ ಹಕ್ಕು ನನಗೆ ಈಗಷ್ಟೇ ಬಂದದ್ದು. ಅದನ್ನು ನಾನು ಬಿಡುವುದಿಲ್ಲ."